ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ನಡೆದವನು

ಪೆನ್ರಿತ್
1 ಡಿಸೆಂಬರ್ 1975

ಶ್ರೀ ಐಸಾಕ್ ರೆಲ್ಫ್ ಅವರಿಗೆ,

ಇಪ್ಪತ್ತು ವರ್ಷ ಮಾತಿಲ್ಲದೆ ಇದ್ದವಳು ಈಗ ಹುಲ್ಲಿನ ನೆಪದಲ್ಲಿ ಕಾಗದ ಬರೆಯುತ್ತಿದ್ದಾಳೆಂದು ನಗಬೇಡಿ. ಇಲ್ಲಿಯ ಬೀಜದಂಗಡಿಯವನನ್ನು ಕೇಳಿದೆ. "ಅದು ಸಮುದ್ರದಂಚಿನ ಹುಲ್ಲಮ್ಮ, ನನ್ಗೆ ಅದರ ಗುಣ ಗೊತ್ತಿಲ್ಲ, ಜೌಗಿನಲ್ಲಿ ಕೊಯ್ಯೋರನ್ನೇ ಕೇಳಿ" ಅಂದ. ಜೌಗಿನಲ್ಲಿ ಮಣ್ಣು ಸಮೇತ ಹುಲ್ಲಿನ ಚೌಕ ಕೊಯ್ದು ಮಾರಿದವರಲ್ಲಿ ನನಗೆ ಗೊತ್ತಿರುವವರು ಇಬ್ಬರೇ. ಅವರಲ್ಲಿ ಒಬ್ಬರು ಈಗಿಲ್ಲ.

ನನ್ನ ಹಿತ್ತಲಿನ ಹುಲ್ಲುಹಾಸು ಆರು ಗಜ ಉದ್ದ, ನಾಲ್ಕು ಗಜ ಅಗಲ. ನೇಥನ್ ನಮ್ಮ ಹಳೇ ಮನೆಯ ಮುಂದೆ ಹಾಕಿದ್ದ ಹುಲ್ಲೇ ಅದು. ಊರು ಬಿಡುವಾಗ ಮಣ್ಣು ಸಮೇತ ಚೌಕ ಚೌಕವಾಗಿ ಕಿತ್ತು ಕಲ್ಲಿದ್ದಲಿನ ಗಾಡಿಯಲ್ಲಿ ತಂದು ಇಲ್ಲಿ ಹಾಸಿದೆ. ಇಷ್ಟು ವರ್ಷ ಚೆನ್ನಾಗಿಯೇ ಇತ್ತು. ಕಳೆದ ವಾರ ಪಡುವಣ ಬೇಲಿಯ ಬುಡದಿಂದ ಐದು ಬೂಟಿನ ಗುರುತು ಮೂಡಿವೆ. ಕಪ್ಪಗೆ, ಸುಟ್ಟ ಹಾಗೆ. ನೀರು ಹಾಕಿದೆ, ಬಾಚಿದೆ, ಹೋಗಲಿಲ್ಲ. ಏನು ಮಾಡಬೇಕು ತಿಳಿಸಿ.

ಇತಿ,
ಹೆಸ್ಟರ್ ಬ್ಯೂಲಿ


ಸ್ಕಿನ್‌ಬೆಕ್, ಬೌಲಿಂಗ್ ಮೈದಾನದ ಗುಡಿಸಲು
6 ಡಿಸೆಂಬರ್ 1975

ಹೆಸ್ಟರ್,

'ಶ್ರೀ ಐಸಾಕ್ ರೆಲ್ಫ್ ಅವರಿಗೆ' ಎಂದು ಓದಿ ಯಾರಪ್ಪಾ ಈ ದೊಡ್ಡ ಮನುಷ್ಯ ಅಂದುಕೊಂಡೆ. ನಿನ್ನ ಮದುವೆಯ ದಿನ ನೇಥನ್ ನಂಬಿ ಕೊಟ್ಟ ಉಂಗುರ ಜೇಬಿನಲ್ಲಿಟ್ಟುಕೊಂಡು, ಜೇಬಿಗೆ ತೂತು ಬಿದ್ದದ್ದು ಗೊತ್ತಿಲ್ಲದೆ ಚರ್ಚಿನಲ್ಲಿ ಮಂಡಿಯೂರಿ ಹುಡುಕಿದವನು ನಾನೇ ತಾನೆ? ನನಗೆ 'ನೀವು' ಬೇಡ.

ನಿನ್ನ ಹುಲ್ಲಿಗೆ ರೋಗವಿಲ್ಲ. ಈ ಜಾತಿಯ ಹುಲ್ಲಿಗೆ ಚಳಿಯೇ ತವರುಮನೆ. ವಸಂತದಲ್ಲೂ ಶರತ್ತಿನಲ್ಲೂ ಮೈದುಂಬಿ ಬೆಳೆಯುತ್ತದೆ, ಬಿಸಿಲು ಜೋರಾದರೆ ಮುಖ ಬಾಡಿಸಿ ಮಲಗುತ್ತದೆ. ಚಳಿಗಾಲದಲ್ಲಿ ಎದ್ದೇ ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ, ನಾನು ಹುಲ್ಲು ನೋಡಿಕೊಳ್ಳುವ ಈ ಬೌಲಿಂಗ್ ಕ್ಲಬ್ಬಿನ ಕಾರ್ಯದರ್ಶಿಯ ಹಾಗೆ. ಇಬ್ಬನಿ ಹೆಪ್ಪುಗಟ್ಟಿದ ಬೆಳಿಗ್ಗೆ ಮಾತ್ರ ಅದನ್ನು ತುಳಿಯಬಾರದು. ಎಲೆಯೊಳಗಿನ ನೀರೂ ಗಾಜಾಗಿರುತ್ತದೆ. ಕಾಲಿಟ್ಟರೆ ಒಳಗೊಳಗೇ ಒಡೆಯುತ್ತದೆ. ಬಿಸಿಲು ಬಿದ್ದ ಮೇಲೆ ಹೆಜ್ಜೆ ಕಪ್ಪಾಗಿ ಕಾಣುತ್ತದೆ, ಆಮೇಲೆ ವಾರಗಟ್ಟಲೆ ಹೋಗುವುದಿಲ್ಲ. ಹುಲ್ಲು ಮರೆಯುವುದು ನಿಧಾನ.

ಹಾಲಿನವನನ್ನು ಕೇಳು. ಅವನೇ ಇರಬೇಕು. ಬುಡ ಸತ್ತಿರುವುದಿಲ್ಲ, ಮಾರ್ಚಿಗೆ ತಾನೇ ಚಿಗುರುತ್ತದೆ. ಗೊಬ್ಬರ ಹಾಕಬೇಡ.

ಕಾಗದ ಬರೆದದ್ದಕ್ಕೆ ಸಂತೋಷವಾಯಿತು. ಇದನ್ನು ಹೇಗೆ ಹೇಳಬೇಕೋ ತಿಳಿಯದೆ ಕೊನೆಯಲ್ಲಿ ಬರೆಯುತ್ತಿದ್ದೇನೆ.

ನಿನ್ನ,
ಐಸಾಕ್


ಪೆನ್ರಿತ್
9 ಜನವರಿ 1976

ಐಸಾಕ್,

ಹಾಲಿನವನು ಮುಂಬಾಗಿಲಿಗೆ ಬರುತ್ತಾನೆ, ಹಿತ್ತಲು ಅವನು ಕಂಡೇ ಇಲ್ಲ. ಹಿತ್ತಲ ಗೇಟಿಗೆ ಒಳಗಿನಿಂದ ಅಗುಳಿ. ಬೇಲಿಯಾಚೆ ಪಾಳುಗದ್ದೆ.

ಈಗ ಹೆಜ್ಜೆಗಳು ಹನ್ನೊಂದಿವೆ. ಹಿಮ ಬಿದ್ದ ಬೆಳಿಗ್ಗೆಗಳಲ್ಲಿ ಮಾತ್ರ ಹೊಸವು ಸೇರುತ್ತವೆ, ಒಮ್ಮೆಗೆ ಒಂದೋ ಎರಡೋ. ಎಲ್ಲ ಮನೆಯ ಕಡೆಗೇ. ಹಿಂದಕ್ಕೆ ಹೋದದ್ದು ಒಂದೂ ಇಲ್ಲ. ಐದು ಹೆಜ್ಜೆ ಬಂದವನು ಅಲ್ಲಿಂದ ಎಲ್ಲಿಗೆ ಹೋದ, ಮತ್ತೆ ಆರನೆಯ ಹೆಜ್ಜೆ ಅಲ್ಲಿಂದಲೇ ಹೇಗೆ ಶುರುವಾಯಿತು, ನೀನೇ ಹೇಳು.

ನಿನ್ನೆ ಬಗ್ಗಿ ನೋಡಿದೆ. ಎಡಗಾಲಿನ ಹಿಮ್ಮಡಿಯಲ್ಲಿ ಕಬ್ಬಿಣದ ಲಾಳ ಅರ್ಧವೇ ಇದೆ, ಒಳಮಗ್ಗುಲು ಮುರಿದಿದೆ. "ಶನಿವಾರ ಸಂತೆಗೆ ಹೋದಾಗ ಹೊಸದು ಹಾಕಿಸ್ಕೊಂಡ್ ಬರ್ತೀನಿ, ಅಲ್ಲೀವರ್ಗೂ ಕುಂಟ್ಕೊಂಡ್ ಓಡಾಡು" ಎಂದು ನಾನು ನೇಥನ್‌ಗೆ ಹೇಳಿದ್ದೆ. ಅವನು ಹೋದದ್ದು ಸೋಮವಾರ.

ಆ ಬೂಟನ್ನು ನೀನೂ ನೋಡಿದ್ದೀಯ.

ಹೆಸ್ಟರ್


ಸ್ಕಿನ್‌ಬೆಕ್
15 ಜನವರಿ 1976

ಹೆಸ್ಟರ್,

ಲಾಳ ಮುರಿದ ಬೂಟು ಕಂಬರ್‌ಲ್ಯಾಂಡಿನಲ್ಲಿ ಸಾವಿರ ಇರಬಹುದು. ಚಳಿಗಾಲದಲ್ಲಿ ಒಂಟಿ ಇರುವವರಿಗೆ ಕಣ್ಣು ಆಟ ಆಡಿಸುತ್ತದೆ. ನಿಮ್ಮ ಕಡೆ ಎರೆಹುಳ ಜಾಸ್ತಿಯೇ? ಅವುಗಳ ಮಣ್ಣಿನ ಗುಪ್ಪೆಗಳನ್ನು ಒಣಗಿದ ಮೇಲೆ ಗುಡಿಸು, ಹಸಿಯಿದ್ದಾಗ ಗುಡಿಸಿದರೆ ಬಳಿದುಕೊಳ್ಳುತ್ತದೆ.

ಹೆಜ್ಜೆ ಎಣಿಸಬೇಡ. ಪರದೆ ಎಳೆದುಕೋ.

ಐಸಾಕ್


ಸ್ಕಿನ್‌ಬೆಕ್
20 ಫೆಬ್ರವರಿ 1976

ಹೆಸ್ಟರ್,

ಹೋದ ಕಾಗದದಲ್ಲಿ ನಿನ್ನ ಕಣ್ಣಿನ ಮೇಲೆ ತಪ್ಪು ಹೊರಿಸಿದೆ. ನಿಜ ಹೇಳುತ್ತೇನೆ, ಹೆದರಬೇಡ.

ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ನಮ್ಮ ಬೌಲಿಂಗ್ ಮೈದಾನದ ಮೂರನೆಯ ಪಟ್ಟಿ ನಿನಗೆ ಗೊತ್ತಿರಲಾರದು, ನೀನು ಅದನ್ನು ನೋಡಲೇ ಇಲ್ಲ. ಆ ಸೋಮವಾರ ಬೆಳಿಗ್ಗೆ ನೇಥನ್ ಜೌಗಿನಲ್ಲಿ ಕೊಯ್ದ ಹುಲ್ಲಿನ ಚೌಕಗಳಿದ್ದವಲ್ಲ, ನಾನು ಟ್ರ್ಯಾಕ್ಟರಿನಲ್ಲಿ ತಂದ ಒಂದೇ ಹೇರು, ಅದನ್ನು ಅಲ್ಲಿ ಒಂದು ಸಾಲಾಗಿ ಹಾಸಿದೆ. ಅವನ ಕೈಯ ಕೊನೆಯ ಹುಲ್ಲು. ಇಪ್ಪತ್ತು ವರ್ಷ ಬೇರೆ ಯಾರಿಗೂ ಅದರ ಮೇಲೆ ಯಂತ್ರ ಓಡಿಸಲು ಬಿಟ್ಟಿಲ್ಲ. ಹೋದ ಶರತ್ತಿನಲ್ಲಿ ಕಾರ್ಯದರ್ಶಿ ಬಂದು, "ಐಸಾಕ್, ಮೂರನೇ ಪಟ್ಟಿ ಕುಸಿದಿದೆ, ಚೆಂಡು ವಾಲ್ತಿದೆ, ಎತ್ತಿ ಮಟ್ಟ ಮಾಡು" ಅಂದ. ಎತ್ತಿದೆ. ಅಡಿಯ ಮಣ್ಣು ಇನ್ನೂ ಒದ್ದೆಯಿತ್ತು, ಸಾಲ್ವೇ ಕಡಲಿನ ವಾಸನೆ ಬರುತ್ತಿತ್ತು. ಮಟ್ಟ ಮಾಡಿ ಮತ್ತೆ ಹಾಸಿದೆ.

ದಿನಾ ಬೆಳಿಗ್ಗೆ ಉದ್ದನೆಯ ಬಿದಿರಕೋಲು ಬೀಸಿ ಇಬ್ಬನಿ ಉದುರಿಸುವುದು ನನ್ನ ಮೊದಲ ಕೆಲಸ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ನವೆಂಬರ್ ನಡುವೆ ಒಂದು ದಿನ ಕೋಲು ಹಿಡಿದು ಹೋದರೆ, ಮೈದಾನವೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದೆ, ಆ ಸಾಲಿನಿಂದ ಬೂಟಿನ ಹೆಜ್ಜೆ ಶುರುವಾಗಿ ಮೂಡಣ ಬೇಲಿಯವರೆಗೆ ಹೋಗಿದೆ. ಸಾಲಿಗೆ ಬಂದ ಹೆಜ್ಜೆ ಇಲ್ಲ. ಅಲ್ಲಿಂದ ಹೋದ ಹೆಜ್ಜೆ ಮಾತ್ರ. ಎಡ ಹಿಮ್ಮಡಿಯ ಲಾಳ ಅರ್ಧ. "ವಯಸ್ಸಾಯ್ತು ಕಣಯ್ಯಾ, ನಿದ್ದೇಲಿ ನಡೀತಿದೀಯ" ಎಂದು ಕಾರ್ಯದರ್ಶಿ ನನ್ನನ್ನೇ ಬೈದ. ನಾನು ಒಪ್ಪಿಕೊಂಡೆ. ಬೇರೇನು ಹೇಳಲಿ?

ಮೂಡಣಕ್ಕೆ ಬೇಲಿ ದಾಟಿದರೆ ರಸ್ತೆ. ರಸ್ತೆ ಪೆನ್ರಿತ್‌ಗೆ ಹೋಗುತ್ತದೆ.

ಐಸಾಕ್


ಪೆನ್ರಿತ್
2 ಮಾರ್ಚ್ 1976

ಐಸಾಕ್,

ಹಾಗಾದರೆ ನನಗೆ ಹುಚ್ಚಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಅವನು ಯಾಕೆ ಬರುತ್ತಿದ್ದಾನೆಂದು ನನಗೆ ಗೊತ್ತು. ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ಅವನು ಹೋಗುವ ಹಿಂದಿನ ದಿನ, ಚಳಿಗಾಲಕ್ಕೆ ಊರಿನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಭಾನುವಾರ ಅದು. ಸಂಜೆ ಅವನು ಒಲೆಯ ಹತ್ತಿರ ಕೂತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. "ಹೆಸ್ಟರ್, ಗಡಿಯಾರ ಹಿಂದಕ್ಕೆ ತಿರುಗಿಸ್ಬೇಕು ಕಣೇ, ಮರೀಬೇಡ" ಅಂದ. ನಾನು ಅವನ ಜೇಬುಗಡಿಯಾರವನ್ನು ಮೊಳೆಯಿಂದ ತೆಗೆದು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ. ಆದರೆ ಅವನು ಬೆಳಿಗ್ಗೆ ಚರ್ಚಿನಲ್ಲಿ ಆಗಲೇ ತಿರುಗಿಸಿಕೊಂಡಿದ್ದನೋ ಏನೋ. ಕೇಳಲಿಲ್ಲ. ಇಬ್ಬರೂ ತಿರುಗಿಸಿದ್ದರೆ ಗಡಿಯಾರ ಒಂದು ಗಂಟೆ ತಡವಾಗಿ ನಡೆಯುತ್ತಿತ್ತು. ಇನ್ನೂ ಹೊತ್ತಿದೆ ಅಂದುಕೊಂಡು ಜೌಗಿನಲ್ಲಿ ನಿಂತವನನ್ನು ಸಮುದ್ರ ಎಳೆದುಕೊಂಡಿತು. ಹೆಣವೂ ಸಿಗಲಿಲ್ಲ.

ವಿಚಾರಣೆಯ ದಿನ ನೀನು ಎದ್ದು ನಿಂತು, "ಅವನ ಗಡಿಯಾರ ತಪ್ಪಿರ್ಬೇಕು ಸ್ವಾಮಿ" ಅಂದೆ. ನಾನು ಎರಡನೆಯ ಬೆಂಚಿನಲ್ಲಿದ್ದೆ. ಆ ಮಾತು ಕಿವಿಯಿಂದ ಇವತ್ತಿಗೂ ಹೋಗಿಲ್ಲ. ನಿನ್ನ ಮೇಲೆ ಕೋಪದಿಂದ ಊರು ಬಿಟ್ಟದ್ದಲ್ಲ, ಐಸಾಕ್. ನೀನು ಹೇಳಿದ್ದು ಸರಿ, ಅದಕ್ಕೇ ನಿನ್ನ ಮುಖ ನೋಡಲಾರದೆ ಹೋದೆ.

ಅವನು ಕೇಳಲು ಬರುತ್ತಿದ್ದಾನೆ. ಮೆಟ್ಟಿಲಿಗೆ ಇನ್ನು ಒಂದೇ ಹೆಜ್ಜೆ. ಹಿತ್ತಲ ಬಾಗಿಲಿಗೆ ಬೀಗ ಹಾಕಿ ಬೀರು ಎಳೆದು ಅಡ್ಡ ಇಟ್ಟಿದ್ದೇನೆ. ನನ್ನ ಗಂಡನಿಗೆ, ನೋಡು.

ಹೆಸ್ಟರ್


ಸ್ಕಿನ್‌ಬೆಕ್
18 ಏಪ್ರಿಲ್ 1976

ಹೆಸ್ಟರ್,

ತಡವಾಯಿತು. ಮೂರು ಕಾಗದ ಬರೆದೆ, ಮೂರನ್ನೂ ಒಲೆಗೆ ಹಾಕಿದೆ.

ಹುಲ್ಲು ಎದ್ದಿದೆ. ಮೊದಲ ಕೊಯ್ಲು ಮೇಲುಮೇಲೆ ಮಾಡು, ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ಒಮ್ಮೆಗೆ ತೆಗೆಯಬೇಡ. ಬ್ಲೇಡು ಹರಿತವಾಗಿರಲಿ. ಹೆಜ್ಜೆಗಳು ಚಿಗುರಿನಲ್ಲಿ ಮುಚ್ಚಿಹೋಗಿರುತ್ತವೆ. ಹಿಮವಿಲ್ಲದ ಕಾಲ, ಇನ್ನು ನೆಮ್ಮದಿಯಾಗಿರು.

ಗಡಿಯಾರದ ವಿಷಯ ತಲೆಯಿಂದ ತೆಗೆದುಹಾಕು.

ಐಸಾಕ್


ಪೆನ್ರಿತ್
4 ಆಗಸ್ಟ್ 1976

ಐಸಾಕ್,

ನೆಮ್ಮದಿಯಾಗಿರು ಎಂದು ನೀನು ಬರೆದಿದ್ದೆ. ಮಳೆ ಕಂಡು ಏಳು ವಾರವಾಯಿತು. ಕೊಳವೆಯಲ್ಲಿ ನೀರು ಬಿಡಬಾರದೆಂದು ಊರಿನಲ್ಲಿ ಸಾರಿದ್ದಾರೆ. ಇಡೀ ಪೆನ್ರಿತ್‌ನ ಹುಲ್ಲು ಒಣಗಿದ ರೊಟ್ಟಿಯ ಬಣ್ಣಕ್ಕೆ ತಿರುಗಿದೆ, ನನ್ನದೂ ಕೂಡ.

ಹೆಜ್ಜೆಗಳು ಮಾತ್ರ ಹಸಿರಾಗಿವೆ. ಹದಿನಾಲ್ಕು ಬೂಟಿನ ಆಕಾರ, ಲಾಳದ ಮುರುಕು ಸಮೇತ, ಏಪ್ರಿಲ್ ತಿಂಗಳ ಹಸಿರು. ಪಕ್ಕದ ಮನೆಯ ಲೌಥರಮ್ಮ ಬೇಲಿಯ ಮೇಲಿಂದ ಇಣುಕಿ, "ಏನ್ರೀ, ಹೆಜ್ಜೆಗೆ ಮಾತ್ರ ಚಮಚದಲ್ಲಿ ನೀರ್ ಹಾಕ್ತಿದೀರಾ?" ಎಂದು ನಕ್ಕಳು. ಅವಳು ಹೋದ ಮೇಲೆ ಒಂದರೊಳಗೆ ಬೆರಳಿಟ್ಟೆ. ಒದ್ದೆಯಿತ್ತು. ನಾಲಿಗೆಗೆ ಹಚ್ಚಿಕೊಂಡೆ. ಉಪ್ಪು.

ಹದಿನಾಲ್ಕನೆಯದು ಮೆಟ್ಟಿಲಿಗೆ ತಾಗಿದೆ. ಎರಡು ಪಾದವೂ ಜೋಡಿಯಾಗಿವೆ, ಬಾಗಿಲ ಮುಂದೆ ನಿಂತವರು ನಿಲ್ಲುವ ಹಾಗೆ.

ನಾನು ಅಡುಗೆಮನೆಗೆ ಹೋಗುವುದು ಬಿಟ್ಟಿದ್ದೇನೆ. ಮುಂಕೋಣೆಯಲ್ಲೇ ಬ್ರೆಡ್ಡು, ಚಹಾ. ಮೈ ಇಳಿದಿದೆ, ಡಾಕ್ಟರು ಏನೇನೋ ಬರೆದುಕೊಟ್ಟಿದ್ದಾರೆ. ಹೀಗೇ ಆದರೆ ಇನ್ನೊಂದು ಚಳಿಗಾಲ ನಾನು ಕಾಣಲಾರೆ. ಒಂದೇ ಒಂದು ಕೇಳುತ್ತೇನೆ, ಆ ಬೆಳಿಗ್ಗೆ ಅವನ ಜೊತೆ ಇದ್ದವನು ನೀನೊಬ್ಬನೇ. ಅವನು ಗಡಿಯಾರ ತೆಗೆದು ನೋಡಿದನೇ? ನೋಡಿ ಏನಂದ?

ಹೆಸ್ಟರ್


ಸ್ಕಿನ್‌ಬೆಕ್
12 ಆಗಸ್ಟ್ 1976

ಹೆಸ್ಟರ್,

ಹುಲ್ಲು ಸತ್ತಿಲ್ಲ. ಬಿಸಿಲಿಗೆ ಮೇಲಿನದನ್ನೆಲ್ಲ ಒಣಗಲು ಬಿಟ್ಟು ಬುಡದಲ್ಲಿ ಜೀವ ಹಿಡಿದು ಮಲಗಿರುತ್ತದೆ. ಚೂರುಪಾರು ನೀರು ಹಾಕಿ ಎಬ್ಬಿಸಿದರೆ ಎದ್ದು ನೋಡಿ ಮತ್ತೆ ಮಲಗುವುದಕ್ಕೆ ಶಕ್ತಿ ಸಾಲದೆ ನಿಜಕ್ಕೂ ಸಾಯುತ್ತದೆ. ಮಳೆಗೆ ಕಾದಿರು.

ನೀನು ಕೇಳಿದ್ದು ನನಗೆ ನೆನಪಿಲ್ಲ.

ಐಸಾಕ್


ಸ್ಕಿನ್‌ಬೆಕ್
3 ಅಕ್ಟೋಬರ್ 1976

ಹೆಸ್ಟರ್,

ನೆನಪಿದೆ.

ಇವತ್ತಿಗೆ ಇಪ್ಪತ್ತೊಂದು ವರ್ಷ. ನೀನು ಊಟ ಬಿಟ್ಟಿದ್ದೀಯ ಎಂದು ಓದಿಯೂ ನೆನಪಿಲ್ಲ ಎಂದು ಬರೆದ ಕೈ ಇದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಮಾರ್ಚಿನಿಂದ ಹೆಗಲು ಮುಟ್ಟಿಕೊಂಡೇ ತಿರುಗುತ್ತಿದ್ದೇನೆ.

ಉಬ್ಬರದ ಪುಸ್ತಕ ನಿನಗೆ ಗೊತ್ತು, ನನ್ನ ಕೋಟಿನ ಜೇಬಿನಲ್ಲಿರುತ್ತಿತ್ತಲ್ಲ. ಅದರಲ್ಲಿ ಸಮುದ್ರ ಉಕ್ಕುವ ಹೊತ್ತನ್ನು ವರ್ಷವಿಡೀ ಚಳಿಗಾಲದ ಗಡಿಯಾರದಂತೆಯೇ ಅಚ್ಚು ಹಾಕಿರುತ್ತಾರೆ. ಬೇಸಿಗೆಯಲ್ಲಿ ನಮ್ಮ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಅಚ್ಚಾದ ಹೊತ್ತಿಗೆ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಆರು ತಿಂಗಳು ದಿನಾ ಕೂಡಿಸಿ ಕೂಡಿಸಿ ಅದು ಕೈಗೆ ರೂಢಿಯಾಗಿರುತ್ತದೆ. ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಕೂಡಿಸಬಾರದು. ಆ ಸೋಮವಾರ ನಾನು ಕೂಡಿಸಿದೆ. ಹನ್ನೊಂದಕ್ಕೆ ಜೌಗು ಬಿಟ್ಟು ಹೊರಡಬೇಕಿತ್ತು. ಹನ್ನೆರಡು ಎಂದು ಹೇಳಿದೆ.

ಅವನು ಗಡಿಯಾರ ತೆಗೆದು ನೋಡಿದ. ಆಗಲೇ ಊರ ಚರ್ಚಿನ ಗಂಟೆ ಹತ್ತು ಹೊಡೆಯಿತು. ಗಡಿಯಾರದಲ್ಲೂ ಹತ್ತು. "ನೋಡು, ಹೆಸ್ಟರ್ ಸರಿಯಾಗಿ ತಿರುಗಿಸಿದಾಳೆ, ಚರ್ಚಿಗೂ ಅವಳಿಗೂ ಒಂದು ನಿಮಿಷ ಹೆಚ್ಚುಕಮ್ಮಿ ಇಲ್ಲ" ಅಂದ. ಕೇಳು ಹೆಸ್ಟರ್. ಗಡಿಯಾರ ಸರಿಯಿತ್ತು. ನೀನು ಒಂದೇ ಸಲ ತಿರುಗಿಸಿದ್ದೆ, ಅವನು ಮುಟ್ಟಿಯೇ ಇರಲಿಲ್ಲ.

ಆಮೇಲೆ ಅವನು ಕೇಳಿದ: "ಐಸಾಕ್, ಹನ್ನೆರಡು ಅಂದ್ಯಲ್ಲ, ಲೆಕ್ಕ ಸರಿ ಇದ್ಯಾ? ನಿನ್ನೆ ಗಡಿಯಾರ ಬದಲಾಯ್ತಲ್ಲ." ನಾನು ಹೇಳಿದೆ, "ಇಪ್ಪತ್ತೈದು ವರ್ಷದಿಂದ ಈ ಪುಸ್ತಕ ಓದ್ತಿರೋನು ನಾನು. ನೀನು ಹುಲ್ಲು ಕೊಯ್ಯಯ್ಯಾ." ಅವನು ನಕ್ಕು ಬಗ್ಗಿದ. "ಹಂಗಾದ್ರೆ ಇನ್ನೊಂದು ಸಾಲು ಆಗುತ್ತೆ, ನೀನು ಹೋಗಿ ಇಳಿಸ್ಕೊಂಡು ಬಾ" ಅಂದ. ಅದೇ ಅವನ ಕೊನೆಯ ಮಾತು. ಹೇರು ಇಳಿಸುವಾಗ ಪುಸ್ತಕ ಕೆಳಗೆ ಬಿತ್ತು. ಎತ್ತಿಕೊಳ್ಳುವಾಗ ತಲೆಗೆ ಹೊಳೆಯಿತು. ಟ್ರ್ಯಾಕ್ಟರು ಓಡಿಸಿಕೊಂಡು ಹೋದೆ. ಕೊಯ್ದಿಟ್ಟ ಚೌಕಗಳು ಒಂದೊಂದಾಗಿ ತೇಲಿಹೋಗುತ್ತಿದ್ದವು. ಅವನ ಕೋಟು ಕೂಡ ಕಾಣಲಿಲ್ಲ.

ವಿಚಾರಣೆಯಲ್ಲಿ ಗಡಿಯಾರದ ಮೇಲೆ ಹೇಳಿದೆ. ಸತ್ತವನ ಗಡಿಯಾರ, ಯಾರಿಗೆ ನೋವಾದೀತು ಅಂದುಕೊಂಡೆ. ಅದನ್ನು ತಿರುಗಿಸಿದವಳು ಎರಡನೆಯ ಬೆಂಚಿನಲ್ಲಿ ಕೂತಿದ್ದಾಳೆಂದು ನನಗೆ ಹೊಳೆಯಲೇ ಇಲ್ಲ. ಮಾರ್ಚಿನಲ್ಲಿ ನಿನ್ನ ಕಾಗದ ಓದಿ ಗೊತ್ತಾಯಿತು. ಗೊತ್ತಾದ ಮೇಲೂ ಏಳು ತಿಂಗಳು ಸುಮ್ಮನಿದ್ದೆ. ನೀರು ಕೊಂದದ್ದಕ್ಕಿಂತ ಇದು ದೊಡ್ಡ ಪಾಪ ಎಂದು ನನಗೆ ತಿಳಿದಿದೆ.

ಬೀರು ಪಕ್ಕಕ್ಕೆ ಸರಿಸು. ಅಡುಗೆಮನೆಗೆ ಹೋಗಿ ಬಿಸಿಯಾಗಿ ಏನಾದರೂ ಮಾಡಿಕೊಂಡು ತಿನ್ನು.

ಐಸಾಕ್


ಪೆನ್ರಿತ್
29 ಅಕ್ಟೋಬರ್ 1976

ಐಸಾಕ್,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಮೊದಲ ವಾರ ನಿನ್ನ ಹೆಸರು ಹಿಡಿದು ಶಪಿಸಿದೆ. ಎರಡನೆಯ ವಾರ ಅತ್ತೆ. ಕ್ಷಮಿಸಿದ್ದೇನೆಂದು ಬರೆಯಲಾರೆ. ನನ್ನ ಇಪ್ಪತ್ತೊಂದು ವರ್ಷವೂ ಹೋಗಿದೆ.

ಹೋದ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸುವ ದಿನ. ಇಷ್ಟು ವರ್ಷ ಲೌಥರಮ್ಮನೇ ಬಂದು ತಿರುಗಿಸಿ ಹೋಗುತ್ತಿದ್ದಳು, ನನಗೆ ಕೈ ನಡುಗುತ್ತದೆ ಎಂದು ಸುಳ್ಳು ಹೇಳಿದ್ದೆ. ಈ ಸಲ ಕುರ್ಚಿ ಹತ್ತಿ ನಾನೇ ತಿರುಗಿಸಿದೆ. ಒಂದೇ ಸಲ. ಆಮೇಲೆ ಬೀರು ಸರಿಸಿ, ಬೀಗ ತೆಗೆದು, ಹಿತ್ತಲ ಬಾಗಿಲು ತೆರೆದು, ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ನಿನ್ನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಟ್ರ್ಯಾಕ್ಟರಿನ ಸದ್ದಿಗೆ ಅವನ ಎಡಗಿವಿ ಮಂದವಾಗಿತ್ತಲ್ಲ, ಅದಕ್ಕೆ ಗಟ್ಟಿಯಾಗಿ. ಓದುವಾಗ ತಿಳಿಯಿತು. ಅವನು ನನ್ನನ್ನು ಬೈಯಲು ಬಂದವನಲ್ಲ. ಯಾಕೆ ಹೀಗಾಯಿತೆಂದು ಅವನಿಗೂ ಗೊತ್ತಿರಲಿಲ್ಲ. ಕೇಳಿಕೊಳ್ಳಲು ಮನೆಗೆ ಬಂದಿದ್ದ.

ನಾಲ್ಕು ದಿನ ಏನೂ ಆಗಲಿಲ್ಲ. ಸೆಪ್ಟೆಂಬರ್ ಮಳೆಗೆ ಹುಲ್ಲೆಲ್ಲ ಹಸಿರಾಗಿ ಎದ್ದು ಹೆಜ್ಜೆಗಳು ಆಗಲೇ ಕಾಣದಂತಾಗಿದ್ದವು. ನೀನು ಹೇಳಿದ ಹಾಗೆಯೇ, ಬುಡ ಸತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಈ ವರ್ಷದ ಮೊದಲ ಹಿಮ. ಚಹಾದ ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದೆ. ಹೆಜ್ಜೆಗಳಿವೆ. ಮೆಟ್ಟಿಲಿನಿಂದ ಶುರುವಾಗಿ ಪಡುವಣ ಬೇಲಿಯವರೆಗೆ. ಬರುವಾಗ ಹದಿನಾಲ್ಕು ಹೆಜ್ಜೆ, ಅದಕ್ಕೆ ಒಂದು ಚಳಿಗಾಲವೆಲ್ಲ ಹಿಡಿಯಿತು. ಹೋಗುವಾಗ ಆರೇ ಹೆಜ್ಜೆ, ಅದೂ ಒಂದೇ ಬೆಳಿಗ್ಗೆ. ದಾಪುಗಾಲು ಹಾಕಿದ್ದಾನೆ. ನಾನು ಅವನ ಜೊತೆ ಇದ್ದ ಹದಿನೆಂಟು ವರ್ಷದಲ್ಲಿ ಅವನು ಹಾಗೆ ನಡೆದದ್ದು ಎರಡೇ ಸಲ, ಎರಡು ಸಲವೂ ಒಬ್ಬರ ಹತ್ತಿರ ಮಾತಾಡಿ ಮುಗಿಸಲು ಹೊರಟಿದ್ದ.

ಈ ಕಾಗದ ನಿನಗೆ ನಾಳೆಯೋ ನಾಡಿದ್ದೋ ತಲುಪುತ್ತದೆ. ಅದು ಮೊದಲು ಬರುತ್ತದೋ ಅವನು ಮೊದಲು ಬರುತ್ತಾನೋ ಗೊತ್ತಿಲ್ಲ. ಬಾಗಿಲಿಗೆ ಬೀರು ಇಡಬೇಡ, ಅದರಿಂದ ಪ್ರಯೋಜನವಿಲ್ಲ ಎಂದು ನಾನು ಕಂಡಿದ್ದೇನೆ. ಕೂರಿಸು. ನನಗೆ ಬರೆದ ಹಾಗೆ ಬರೆದು ತೋರಿಸಬೇಡ, ಬಾಯಿ ಬಿಟ್ಟು ಹೇಳು. ಬಲಗಿವಿಯ ಕಡೆ ನಿಂತು ಹೇಳು.

ಹಿಮದ ಹುಲ್ಲು ತುಳಿದುಕೊಂಡು ಬಂದ ಎಂದು ಅವನನ್ನು ಬೈಯಬೇಡ.

ಹೆಸ್ಟರ್